ಮಗನ ಫೈಲಿನಲ್ಲಿ ‘ಸಾಫ್ಟ್ ಸೈನ್ ಪ್ಲಸ್’ ಅಂತ ಬರೆದಿದ್ದಾರೆ, ಗಾಬರಿ ಆಗಬೇಕಾ?

ಮಂಡ್ಯದಮ್ಮ
ಎಲ್ಲರಿಗೂ ನಮಸ್ಕಾರ. ಮಗನಿಗೆ 11 ವರ್ಷ, ಆರನೇ ಕ್ಲಾಸು. ಎರಡು ವರ್ಷದಿಂದ ಸ್ಕೂಲಿನಿಂದ ಒಂದೇ ದೂರು. ಕೂತಲ್ಲಿ ಕೂರುವುದಿಲ್ಲ, ಬೋರ್ಡ್ ನೋಡಿ ಬರೆದು ಮುಗಿಸುವುದಿಲ್ಲ, ಅಕ್ಷರ ಕೋಳಿ ಕೆದರಿದ ಹಾಗೆ. ಶರ್ಟಿನ ಗುಂಡಿ ಹಾಕಿಕೊಳ್ಳುವುದಕ್ಕೆ ಈಗಲೂ ಹತ್ತು ನಿಮಿಷ. ಶೂ ಲೇಸು ನಾನೇ ಕಟ್ಟಬೇಕು. ಹೋದ ವಾರ ಮೈಸೂರಿಗೆ ಕರೆದುಕೊಂಡು ಹೋಗಿ ಮಕ್ಕಳ ಮನೋವೈದ್ಯರಿಗೆ ತೋರಿಸಿದೆವು. ಎಡಿಎಚ್‌ಡಿ ಅಂದರು, ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಅಷ್ಟನ್ನು ನಾವು ಅಂದುಕೊಂಡೇ ಹೋಗಿದ್ದೆವು.

ಆದರೆ ಹೇಳುವ ಮೊದಲು ಒಂದು ಹದಿನೈದು ನಿಮಿಷ ಏನೇನೋ ಆಟ ಆಡಿಸಿದರು. ಟೇಬಲ್ ಮೇಲೆ ಮುಷ್ಟಿ, ಆಮೇಲೆ ಕೈಯ ಅಂಚು, ಆಮೇಲೆ ಅಂಗೈ, ಇದೇ ಸರದಿಯಲ್ಲಿ ಬೇಗ ಬೇಗ ಮಾಡು ಅಂದರು. ಮೂರನೇ ಸಲಕ್ಕೇ ಇವನು ಕಲಸಿಬಿಟ್ಟ. ಬಲಗೈ ಹೆಬ್ಬೆರಳಿಗೆ ಉಳಿದ ಬೆರಳು ಒಂದೊಂದಾಗಿ ಮುಟ್ಟಿಸು ಅಂದರೆ, ತೊಡೆ ಮೇಲಿದ್ದ ಎಡಗೈ ಬೆರಳೂ ತಾವಾಗಿ ಕುಣಿಯುತ್ತಿದ್ದವು. ಕಣ್ಣು ಮುಚ್ಚಿಸಿ ಅಂಗೈ ಮೇಲೆ ನಂಬರ್ ಬರೆದರೆ ಎಂಟಕ್ಕೆ ಮೂರು ಅಂದ. ನೆಲದ ಟೈಲ್ಸ್ ಗೆರೆ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆ ಅಂದರೆ ತೂರಾಡಿದ. ಕೊನೆಗೆ ಫೈಲಿನಲ್ಲಿ ‘ಸಾಫ್ಟ್ ಸೈನ್ ಪ್ಲಸ್’ ಅಂತ ಬರೆದರು. ಏನು ಡಾಕ್ಟ್ರೇ ಅಂದರೆ ‘ಅದೇನೂ ತಲೆ ಕೆಡಿಸಿಕೊಳ್ಳಬೇಡಿ’ ಅಂದರು. ಅವತ್ತಿನಿಂದಲೇ ನನ್ನ ತಲೆ ಕೆಟ್ಟಿರುವುದು! ಮಿದುಳಿಗೆ ಪೆಟ್ಟಾಗಿದೆಯಾ? ಸ್ಕ್ಯಾನ್ ಮಾಡಿಸಬೇಕಾ? ಅತ್ತೆ ‘ಅವರಪ್ಪನೂ ಹಾಗೇ ಇದ್ದ, ಬಿಡು’ ಅನ್ನುತ್ತಾರೆ. ಗೊತ್ತಿರುವವರು ಹೇಳಿ ಪ್ಲೀಸ್.

ಆಲೆಮನೆ ಬೆಲ್ಲ
ನಿಮ್ಮ ಅತ್ತೆ ಸರಿಯಾಗಿ ಹೇಳಿದ್ದಾರೆ. ಈಗ ಎಲ್ಲಕ್ಕೂ ಒಂದು ಹೆಸರು. ನಮ್ಮ ಕಾಲದಲ್ಲಿ ಇದಕ್ಕೆ ತುಂಟತನ ಅನ್ನುತ್ತಿದ್ದರು, ಔಷಧಿ ಹುಣಸೆ ಬರಲು.

ಮೆಮು ಪ್ರಯಾಣಿಕ
@ಆಲೆಮನೆ ಬೆಲ್ಲ, ಬರಲು ತಿಂದವರೆಲ್ಲ ಈಗ ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕಂಡವರ ಮಕ್ಕಳ ವಿಷಯಕ್ಕೆ ಕಮೆಂಟ್ ಹಾಕುತ್ತಿದ್ದೇವೆ. ಔಷಧಿ ಕೆಲಸ ಮಾಡಿಲ್ಲ ಅನ್ನಿಸುತ್ತದೆ.

ರಾತ್ರಿಪಾಳಿ
ನಾನು ಮನೋವೈದ್ಯಕೀಯದಲ್ಲೇ ಇದ್ದೇನೆ. ನಿಮ್ಮ ಮಗನನ್ನು ನೋಡಿಲ್ಲ, ಹಾಗಾಗಿ ಅವನ ಬಗ್ಗೆ ತೀರ್ಪು ಕೊಡುವುದಿಲ್ಲ. ಆ ಪದದ ಬಗ್ಗೆ ಮಾತ್ರ ಹೇಳುತ್ತೇನೆ.

ಸೈನ್ ಅಂದರೆ ಪರೀಕ್ಷೆ ಮಾಡುವಾಗ ಡಾಕ್ಟರಿಗೆ ಕಾಣುವ ಲಕ್ಷಣ. ನರದ ಪರೀಕ್ಷೆಯಲ್ಲಿ ಹಾರ್ಡ್ ಸೈನ್ ಅಂತ ಇರುತ್ತವೆ. ಒಂದು ಕೈಗೆ ಬಲ ಕಮ್ಮಿ, ಅಂಗಾಲು ಗೀರಿದರೆ ಹೆಬ್ಬೆರಳು ಮೇಲಕ್ಕೆ ಏಳುತ್ತದೆ, ಇಂಥವು. ಅವು ಸಿಕ್ಕರೆ ಮಿದುಳಿನಲ್ಲೋ ಬೆನ್ನುಹುರಿಯಲ್ಲೋ ಇಂಥ ಕಡೆ ತೊಂದರೆ ಅಂತ ಹೆಚ್ಚುಕಮ್ಮಿ ಬೆರಳಿಟ್ಟು ತೋರಿಸಬಹುದು. ಸಾಫ್ಟ್ ಸೈನ್ ಹಾಗಲ್ಲ, ಅದು ಜಾಗ ತೋರಿಸುವುದಿಲ್ಲ. ಕೈಕಾಲಿನ ಹೊಂದಾಣಿಕೆ, ಸರದಿ ತಪ್ಪದೆ ಮಾಡುವುದು, ಮುಟ್ಟಿ ಗುರುತಿಸುವುದು, ಎಡ ಬಲ ತಿಳಿಯುವುದು, ಇದರಲ್ಲೆಲ್ಲ ವಯಸ್ಸಿಗಿಂತ ಸ್ವಲ್ಪ ಹಿಂದೆ ಇದ್ದಾನೆ ಅಂತ ಮಾತ್ರ ಹೇಳುತ್ತದೆ. ಎಡಿಎಚ್‌ಡಿ, ಆಟಿಸಂ ಇರುವ ಮಕ್ಕಳಲ್ಲಿ ಜಾಸ್ತಿ ಕಾಣುತ್ತದೆ. ಹರೆಯದಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವಂಥ ಮನೋರೋಗ), ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವುದು), ಒಸಿಡಿ (ಒಂದೇ ಯೋಚನೆ ಬಿಡದೆ ಕಾಡುವುದು) ಇರುವವರಲ್ಲೂ ಕಾಣುತ್ತದೆ. ಏನೂ ತೊಂದರೆ ಇಲ್ಲದ ಎಷ್ಟೋ ಜನರಲ್ಲೂ ಒಂದೆರಡು ಇರುತ್ತವೆ. ಹಾಗಾಗಿ ಇದನ್ನು ನೋಡಿ ಯಾವ ಕಾಯಿಲೆಗೂ ಹೆಸರು ಇಡುವುದಕ್ಕೆ ಆಗುವುದಿಲ್ಲ. ‘ಪೆಟ್ಟಾಗಿದೆ’ ಅಂತಲೂ ಅರ್ಥ ಅಲ್ಲ.

ಎಡಗೈ ಕುಣಿಯಿತು ಅಂದಿರಲ್ಲ, ಅದು ಕನ್ನಡಿ ಚಲನೆ. ಬಲಗೈ ಕೆಲಸ ಮಾಡುವಾಗ ಎಡಗೈ ಸುಮ್ಮನಿರಲಿ ಅಂತ ಮಿದುಳು ತಡೆ ಹಾಕಬೇಕು. ಮಿದುಳಿನ ಎರಡು ಹೋಳುಗಳ ನಡುವೆ ನರಗಳ ಒಂದು ದಪ್ಪ ಸೇತುವೆ ಇದೆ. ಅದು ಬಲಿಯುತ್ತಾ ಹೋದ ಹಾಗೆ ಈ ತಡೆಯೂ ಗಟ್ಟಿಯಾಗುತ್ತದೆ. ಐದಾರು ವರ್ಷದ ಮಗುವಿನಲ್ಲಿ ಅದು ಸಹಜ. ಹತ್ತು ವರ್ಷದ ಹೊತ್ತಿಗೆ ಬಹುಪಾಲು ಹೋಗುತ್ತದೆ. ಅದಕ್ಕೇ ವಯಸ್ಸು ಕೇಳದೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಮುಷ್ಟಿ, ಅಂಚು, ಅಂಗೈ ರಷ್ಯಾದ ಲೂರಿಯಾ ಅನ್ನುವ ಮನೋವಿಜ್ಞಾನಿಯ ಪರೀಕ್ಷೆ. ಸರದಿಯನ್ನು ತಲೆಯಲ್ಲಿ ಇಟ್ಟುಕೊಂಡು ಕೈಗೆ ಹೇಳಬೇಕು. ಮಿದುಳಿನ ಮುಂಭಾಗದ ಕೆಲಸ ಅದು.

ಆಲೆಮನೆ ಬೆಲ್ಲ
ಯಾವ ಕಾಯಿಲೆಗೂ ಹೆಸರು ಇಡುವುದಕ್ಕೆ ಆಗದಿದ್ದರೆ ಆ ಪರೀಕ್ಷೆ ಯಾಕೆ ಮಾಡುವುದು? ಫೀಸ್ ಜಾಸ್ತಿ ತೋರಿಸುವುದಕ್ಕಾ?

ರಾತ್ರಿಪಾಳಿ
ಪ್ರಶ್ನೆ ನ್ಯಾಯವಾಗಿಯೇ ಇದೆ. ಈ ಜಗಳ ಹಳೆಯದು. 1947ರಲ್ಲಿ ನ್ಯೂಯಾರ್ಕಿನ ಲೊರೆಟ್ಟಾ ಬೆಂಡರ್ ಅನ್ನುವ ಮನೋವೈದ್ಯೆ ಸ್ಕಿಜೋಫ್ರೇನಿಯಾ ಅಂತ ಗುರುತಿಸಿದ್ದ 100 ಮಕ್ಕಳ ಬಗ್ಗೆ ಬರೆಯುವಾಗ ಸಾಫ್ಟ್ ಸೈನ್ ಅನ್ನುವ ಪದ ಬಳಸಿದರು. ಆಮೇಲೆ 60ರ ದಶಕದಲ್ಲಿ ಇಂಥ ಮಕ್ಕಳಿಗೆಲ್ಲ ‘ಮಿನಿಮಲ್ ಬ್ರೈನ್ ಡಿಸ್‌ಫಂಕ್ಷನ್’, ಅಂದರೆ ಮಿದುಳಿನಲ್ಲಿ ಸಣ್ಣ ದೋಷ, ಅಂತ ಹಣೆಪಟ್ಟಿ ಹಚ್ಚಿದರು. ಆ ಹಣೆಪಟ್ಟಿ ತಪ್ಪು ಅಂತ ಕೈಬಿಟ್ಟರು, ಪರೀಕ್ಷೆ ಉಳಿಯಿತು. ಪ್ರತಿಯೊಬ್ಬ ಡಾಕ್ಟರ್ ತನಗೆ ತೋಚಿದ ಹಾಗೆ ಮಾಡಬಾರದು ಅಂತ ಅಳತೆ ಪಟ್ಟಿಗಳೂ ಬಂದವು. ಮಕ್ಕಳಿಗೆ ಅಮೆರಿಕದ ನರವೈದ್ಯೆ ಡೆಂಕ್ಲಾ 1985ರಲ್ಲಿ ಪರಿಷ್ಕರಿಸಿದ ಪ್ಯಾನೆಸ್ ಅನ್ನುವ ಪಟ್ಟಿ, ದೊಡ್ಡವರಿಗೆ 1989ರ 26 ಅಂಶಗಳ ಎನ್‌ಇಎಸ್ ಅನ್ನುವ ಪಟ್ಟಿ.

ಉಪಯೋಗ ಏನು ಅಂದರೆ, ಒಂದು, ಪರೀಕ್ಷೆ ಮಾಡುವಾಗ ಅಕಸ್ಮಾತ್ ಹಾರ್ಡ್ ಸೈನ್ ಸಿಕ್ಕರೆ ನ್ಯೂರಾಲಜಿಗೆ ಕಳಿಸುತ್ತೇವೆ. ಇನ್ನೊಂದು, ಈ ಹುಡುಗನಿಗೆ ಮಾತ್ರೆಯ ಜೊತೆ ಕೈ ಕೆಲಸದ ತರಬೇತಿಯೂ ಬೇಕು ಅಂತ ಗೊತ್ತಾಗುತ್ತದೆ. ಬರೀ ಒಂದು ಟಾರ್ಚು, ಮೊಣಕಾಲಿಗೆ ತಟ್ಟುವ ರಬ್ಬರ್ ಸುತ್ತಿಗೆ, ಒಂದು ಕೀ ಬಂಚ್ ಸಾಕು ಇದಕ್ಕೆ. ಫೀಸಿಗೂ ಇದಕ್ಕೂ ಸಂಬಂಧ ಇಲ್ಲ ಮಾರಾಯರೇ.

ಮಂಡ್ಯದಮ್ಮ
ಕೀ ಬಂಚ್! ಹೌದು, ಕಣ್ಣು ಮುಚ್ಚಿಸಿ ಕೈಗೆ ಕೀ ಕೊಟ್ಟು ಏನಿದು ಅಂದಿದ್ದರು. ಅದನ್ನು ಮಾತ್ರ ಸರಿಯಾಗಿ ಹೇಳಿದ. ‘ಸ್ಪ್ಲೆಂಡರ್ ಕೀ’ ಅಂತ ಗಾಡಿ ಹೆಸರನ್ನೂ ಹೇಳಿದ.

ಮೆಮು ಪ್ರಯಾಣಿಕ
ಈ ಹುಡುಗನಿಗೆ ಏನೂ ಆಗಿಲ್ಲ ಬಿಡಿ.

ಅಂದಹಾಗೆ ನಾನೂ ಈಗ ರೈಲಿನಲ್ಲಿ ಮುಷ್ಟಿ, ಅಂಚು, ಅಂಗೈ ಮಾಡಿ ನೋಡಿದೆ. ಎಲಿಯೂರು ದಾಟುವಷ್ಟರಲ್ಲಿ ನಾಲ್ಕು ಸಲ ತಪ್ಪಿತು. ಪಕ್ಕದ ಅಜ್ಜ ಎದ್ದು ಬೇರೆ ಸೀಟಿಗೆ ಹೋದರು. ನನಗೂ ಏನೋ ಇದೆಯಾ?

ರಾತ್ರಿಪಾಳಿ
ಅಲುಗಾಡುವ ರೈಲು, ನಿದ್ದೆ ಇಲ್ಲದ ಕಣ್ಣು, ಯಾರೂ ಒಂದು ಸಲ ಮಾಡಿ ತೋರಿಸದೆ ಓದಿ ಮಾಡಿದ್ದು. ಅದಕ್ಕೆ ಲೆಕ್ಕ ಇಲ್ಲ. ದಯವಿಟ್ಟು ಎಲ್ಲರೂ ಮನೆ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಪರೀಕ್ಷೆ ಮಾಡಬೇಡಿ.

ಮಂಡ್ಯದಮ್ಮ
ತಡವಾಯಿತು. ಮಾಡಿ ಆಯಿತು. ಅಂಗೈ ಮೇಲೆ ‘ಅ’ ಬರೆದರೆ ಕಚಗುಳಿ ಅಂತ ಬಿದ್ದು ಬಿದ್ದು ನಕ್ಕ, ಉತ್ತರವೇ ಹೇಳಲಿಲ್ಲ.

ಹಳೇ ಪಿಟಿ ಮೇಷ್ಟ್ರು
ನಾನು 28 ವರ್ಷ ಡ್ರಿಲ್ ಮಾಡಿಸಿದವನು. ಇದನ್ನು ಓದಿ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪ್ರತಿ ಕ್ಲಾಸಿನಲ್ಲೂ ಒಬ್ಬಿಬ್ಬರು ಇರುತ್ತಿದ್ದರು. ‘ಬಾಯೇ ಮುಡ್’ ಅಂದರೆ ಬಲಕ್ಕೆ ತಿರುಗುವವರು. ಮಾರ್ಚ್ ಮಾಡುವಾಗ ಎಡಗಾಲಿನ ಜೊತೆ ಎಡಗೈಯನ್ನೇ ಬೀಸುವವರು. ಆಗಸ್ಟ್ 15ಕ್ಕೆ ಹದಿನೈದು ದಿನ ಇರುವಾಗ ಅಂಥವರನ್ನು ಸಾಲಿನಿಂದ ತೆಗೆದು ಮೈದಾನ ಸುತ್ತು ಹೊಡೆಸುತ್ತಿದ್ದೆ. ಬೇಕು ಅಂತಲೇ ಮಾಡುತ್ತಾನೆ ಅಂದುಕೊಂಡಿದ್ದೆ. ಒಬ್ಬ ಹುಡುಗ ಇದ್ದ, ಮಳವಳ್ಳಿ ಕಡೆಯವನು. ಬಲಗೈ ಯಾವುದು ಅಂತ ನೆನಪಿರಲಿ ಅಂತ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಕೊಂಡು ಬಂದ. ಅದು ಯಾಕೆ ಅಂತ ಕೇಳದೆ, ಯೂನಿಫಾರ್ಮ್ ಜೊತೆ ದಾರ ಇರಬಾರದು ಅಂತ ನಾನೇ ಕಿತ್ತು ಹಾಕಿದೆ. ಯಾಕೆ ಅಂತ ಅವನ ತಂಗಿ ಆಮೇಲೆ ಹೇಳಿದ್ದು. ಅಷ್ಟೇ.

ಸರಸ್ವತಿಪುರಂ ಓಟಿ
ಮೇಷ್ಟ್ರೇ, ಇದನ್ನು ಇಷ್ಟು ನೇರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್. ನಾನು ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸಕ್ಕೆ ಕೈ ಮೈ ಪಳಗಿಸುವುದು ನನ್ನ ಕೆಲಸ. ಆ ದಾರದ ಉಪಾಯವನ್ನು ನಾವೇ ಹೇಳಿಕೊಡುತ್ತೇವೆ ಮಕ್ಕಳಿಗೆ!

@ಮಂಡ್ಯದಮ್ಮ, ನೀವು ಬರೆದ ಗುಂಡಿ, ಲೇಸು, ಅಕ್ಷರ ನೋಡಿದರೆ ಡಿಸಿಡಿ ಇದೆಯಾ ಅಂತಲೂ ಕೇಳಿ. ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್. ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 5–6 ಮಂದಿಗೆ ಇರುತ್ತದೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಂತೂ ತುಂಬಾ ಸಾಮಾನ್ಯ. ಬೇಕಾದ ಬೆರಳನ್ನು ಬೇಕಾದ ಹೊತ್ತಿಗೆ ಬೇಕಾದಷ್ಟೇ ಆಡಿಸುವುದು ಅವರಿಗೆ ಕಷ್ಟ. ಇದರಲ್ಲಿ ಸೋಮಾರಿತನ ಏನೂ ಇಲ್ಲ. ಒಂದು ಪುಟ ಬರೆಯುವುದಕ್ಕೆ ಬೇರೆ ಮಗುವಿಗಿಂತ ಎರಡರಷ್ಟು ಸುಸ್ತಾಗುತ್ತದೆ. ಬರೆಯುವಾಗ ನಾಲಿಗೆ ಹೊರಗೆ ಹಾಕುತ್ತಾನಾ ನೋಡಿ. ಕೈಗೆ ಹೋಗಬೇಕಾದ ಶ್ರಮ ಬಾಯಿಗೂ ಉಕ್ಕುತ್ತದೆ, ಅದೂ ಕನ್ನಡಿ ಚಲನೆಯ ಸಂಬಂಧಿಯೇ.

ಮನೆಯಲ್ಲಿ ಮಾಡುವುದಕ್ಕೆ ದುಬಾರಿ ಸಾಮಾನು ಬೇಡ. ಅಳಗುಳಿ ಮಣೆ ಇದೆಯಾ? ಹುಣಸೆ ಬೀಜ ಒಂದೊಂದಾಗಿ ಬೆರಳ ತುದಿಯಲ್ಲಿ ಎತ್ತಿ ಹಾಕಲಿ. ಕುಂಟೆಬಿಲ್ಲೆ ಆಡಲಿ. ನಮ್ಮ ಪರೀಕ್ಷೆಯಲ್ಲೂ ಒಂಟಿಕಾಲಲ್ಲಿ ನಿಲ್ಲಿಸುತ್ತೇವಲ್ಲ, ಕುಂಟೆಬಿಲ್ಲೆ ಅದೇ, ಜೊತೆಗೆ ಬಿಲ್ಲೆ ತಳ್ಳುವ ಗುರಿ ಬೇರೆ.

ಬದುವಿನ ಹುಡುಗ
ಗದ್ದೆ ಬದು ಮೇಲೆ ನಡೆಯುವುದೂ ಅದೇ ಪರೀಕ್ಷೆ ಅಲ್ವಾ? ನಾನು ಚಿಕ್ಕವನಿದ್ದಾಗ ವಾರಕ್ಕೆ ಎರಡು ಸಲ ಕೆಸರಿಗೆ ಬೀಳುತ್ತಿದ್ದೆ. ಎಲ್ಲರೂ ‘ಹೆಬ್ಬಾತು’ ಅನ್ನುತ್ತಿದ್ದರು. ಈಗ ಟ್ರ್ಯಾಕ್ಟರ್ ಓಡಿಸುತ್ತೇನೆ. ಬದು ಮೇಲೆ ಈಗಲೂ ನಂಬಿಕೆ ಇಲ್ಲ.

ಬ್ರಾಹ್ಮಿ ಎಲೆ
ಒಂದೆಲಗದ ಚಟ್ನಿ, ಬ್ರಾಹ್ಮಿ ತುಪ್ಪ ಕೊಡಿ. 48 ದಿನ. ಮಗು ಎಡಗೈ ಬಳಸುತ್ತಿದ್ದರೆ ಅದನ್ನೂ ಬಿಡಿಸಿ, ಅದೂ ಈ ಲಕ್ಷಣದಲ್ಲೇ ಬರುತ್ತದೆ.

ಸರಸ್ವತಿಪುರಂ ಓಟಿ
ಎಡಗೈ ಬಳಸುವುದು ಯಾವ ಲಕ್ಷಣವೂ ಅಲ್ಲ. ದಯವಿಟ್ಟು ಯಾರೂ ಬಿಡಿಸಬೇಡಿ! ಎಷ್ಟೋ ಮಕ್ಕಳು ಈ ಬಿಡಿಸುವ ಕಾಟದಲ್ಲೇ ಬರವಣಿಗೆ ದ್ವೇಷ ಮಾಡುವುದು. ಚಟ್ನಿ ತಿನ್ನಲಿ, ಅದಕ್ಕೆ ನನ್ನ ತಕರಾರು ಇಲ್ಲ.

ತಮ್ಮನ ಅಣ್ಣ
ನನ್ನದು ಬೇರೆ ಕಥೆ, ಇಲ್ಲಿ ಹೇಳಬಹುದಾ ಗೊತ್ತಿಲ್ಲ. ತಮ್ಮನಿಗೆ 19 ವರ್ಷ. ಡಿಪ್ಲೊಮಾ ಓದುತ್ತಿದ್ದ. ಯಾರೋ ಮಾತಾಡುವುದು ಕೇಳುತ್ತದೆ ಅಂತ ಶುರುವಾಯಿತು. ಸ್ಕಿಜೋಫ್ರೇನಿಯಾ ಅಂದರು. ಅವನಿಗೂ ಇದೇ ಮುಷ್ಟಿ, ಅಂಗೈ ಎಲ್ಲ ಮಾಡಿಸಿದರು, ತಪ್ಪಿತು. ನಾವು ಮಾತ್ರೆಯಿಂದ ಹೀಗಾಗಿರಬೇಕು ಅಂದುಕೊಂಡೆವು. ಆಮೇಲೆ ಕೂತು ಯೋಚಿಸಿದರೆ, ಅವನು ಚಿಕ್ಕಂದಿನಿಂದಲೂ ಚೆಂಡು ಹಿಡಿಯುವುದರಲ್ಲಿ ಹಿಂದೆ. ನಾನೂ ಮನೆಯಲ್ಲಿ ಮಾಡಿ ನೋಡಿದೆ. ನನಗೂ ತಪ್ಪುತ್ತದೆ. ನನಗೆ 24. ಅವತ್ತಿನಿಂದ ರಾತ್ರಿ ಏನು ಸದ್ದಾದರೂ ಅದು ಹೊರಗಿನದಾ ತಲೆಯೊಳಗಿನದಾ ಅಂತ ಕಿವಿಗೊಟ್ಟು ಮಲಗುತ್ತೇನೆ.

ರಾತ್ರಿಪಾಳಿ
ಇಲ್ಲೇ ಹೇಳಬೇಕು, ಒಳ್ಳೆಯದು ಮಾಡಿದಿರಿ.

ಮೊದಲು ಮಾತ್ರೆಯ ಮಾತು. ಒಂದೂ ಮಾತ್ರೆ ತೆಗೆದುಕೊಳ್ಳದ, ಮೊದಲ ಸಲ ಬಂದ ರೋಗಿಗಳಲ್ಲೂ ಈ ಲಕ್ಷಣ ಕಾಣುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಔಷಧಿ ಶುರು ಮಾಡುವ ಮೊದಲೇ ಪರೀಕ್ಷಿಸಿದ ಅಧ್ಯಯನಗಳು ನಡೆದಿವೆ. ಹಾಗಾಗಿ ಎಲ್ಲವನ್ನೂ ಮಾತ್ರೆ ಮೇಲೆ ಹಾಕುವ ಹಾಗಿಲ್ಲ. ಇನ್ನು ನೀವು. ರೋಗಿಯ ಅಣ್ಣ ತಮ್ಮ, ಅಪ್ಪ ಅಮ್ಮಂದಿರಲ್ಲಿ ಈ ಲಕ್ಷಣ ಬೇರೆಯವರಿಗಿಂತ ಜಾಸ್ತಿ, ರೋಗಿಗಿಂತ ಕಮ್ಮಿ ಇರುತ್ತವೆ. ಅದು ಮನೆತನದ ಮೂಗಿನ ಹಾಗೆ. ಮೂಗು ಇದ್ದ ಮಾತ್ರಕ್ಕೆ ತಮ್ಮನ ಕಾಯಿಲೆ ನಿಮಗೆ ಬರುತ್ತದೆ ಅಂತಲ್ಲ. ಅಣ್ಣತಮ್ಮಂದಿರಲ್ಲಿ ಬಹುಪಾಲು ಜನರಿಗೆ ಬರುವುದೇ ಇಲ್ಲ. ಆದರೆ ರಾತ್ರಿ ಕಿವಿಗೊಟ್ಟು ಮಲಗುತ್ತೇನೆ ಅಂದಿರಲ್ಲ, ಆ ಭಯಕ್ಕೇ ಒಂದು ಸಲ ಯಾರ ಹತ್ತಿರವಾದರೂ ಮಾತಾಡಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡುತ್ತಾರೆ.

ತಮ್ಮನ ಅಣ್ಣ
ಸರಿ ಸಾರ್. ಇನ್ನೊಂದು. ಮಾತ್ರೆ ಶುರುವಾದ ಮೇಲೆ ಅವನು ಕೂತಲ್ಲಿ ಕೂರುತ್ತಿಲ್ಲ. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ. ನಿಂತರೂ ಕಾಲು ಬದಲಾಯಿಸುತ್ತಲೇ ಇರುತ್ತಾನೆ. ಇದೂ ಸಾಫ್ಟ್ ಸೈನಾ?

ರಾತ್ರಿಪಾಳಿ
ಅಲ್ಲ. ಅದು ಮಾತ್ರೆಯ ಅಡ್ಡಪರಿಣಾಮ ಇರಬಹುದು, ಅಕಥೀಸಿಯಾ ಅನ್ನುತ್ತಾರೆ. ಒಳಗಿನಿಂದ ತಡೆಯಲಾರದ ಚಡಪಡಿಕೆ, ತುಂಬಾ ಹಿಂಸೆ. ಮನೆಯವರು ಇದನ್ನು ಕಾಯಿಲೆ ಜಾಸ್ತಿಯಾಯಿತು ಅಂದುಕೊಳ್ಳುತ್ತಾರೆ. ನೀವೇ ಮಾತ್ರೆ ನಿಲ್ಲಿಸಬೇಡಿ, ಮುಂದಿನ ತಿಂಗಳ ತಾರೀಖಿಗೂ ಕಾಯಬೇಡಿ. ನಾಳೆಯೇ ಡಾಕ್ಟರಿಗೆ ಹೇಳಿ. ಡೋಸ್ ಬದಲಾಯಿಸಿಯೋ ಬೇರೆ ಮಾತ್ರೆ ಕೊಟ್ಟೋ ಸರಿ ಮಾಡುತ್ತಾರೆ.

ಆಲೆಮನೆ ಬೆಲ್ಲ
ಮತ್ತೆ ಸ್ಕ್ಯಾನ್ ಬೇಕಾ ಬೇಡವಾ ಅಂತ ಆ ತಾಯಿ ಕೇಳಿದರಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ರಾತ್ರಿಪಾಳಿ
ಬರೀ ಸಾಫ್ಟ್ ಸೈನ್ ಇದೆ ಅಂತ ಎಂಆರ್‌ಐ ಬೇಕಿಲ್ಲ. ಮಾಡಿಸಿದರೂ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ.

ನಾಲೆ ಏರಿ
ಇಲ್ಲಿ ಸ್ವಲ್ಪ ಅಡ್ಡ ಬಾಯಿ ಹಾಕುತ್ತೇನೆ. ‘ಗಾಬರಿ ಬೇಡ’ ಅನ್ನುವ ಮಾತು ಎಲ್ಲರಿಗೂ ಹೇಳಬೇಡಿ ಡಾಕ್ಟ್ರೇ. ನಮ್ಮ ಚಿಕ್ಕಪ್ಪನ ಮಗಳು ಹತ್ತನೇ ಕ್ಲಾಸಿನವರೆಗೂ ಕ್ಲಾಸಿಗೇ ಮೊದಲು. ಪಿಯುಸಿಯಲ್ಲಿ ಇದ್ದಕ್ಕಿದ್ದ ಹಾಗೆ ಮಾರ್ಕ್ಸ್ ಬಿತ್ತು, ಕೋಪ ಜಾಸ್ತಿಯಾಯಿತು, ಅಕ್ಷರ ಚಿಕ್ಕದಾಗುತ್ತಾ ಹೋಯಿತು, ಲೋಟ ಹಿಡಿದರೆ ಕೈ ನಡುಗಿ ಕಾಫಿ ಚೆಲ್ಲುತ್ತಿತ್ತು. ಹಾಸ್ಟೆಲ್ ಟೆನ್ಷನ್ ಅಂದರು, ಲವ್ ಅಂದರು, ದೇವರು ಬಂದಿದೆ ಅಂತ ತಾಯತ ಕಟ್ಟಿಸಿದರು. ಒಂದು ಕ್ಲಿನಿಕ್ಕಿನಲ್ಲಿ ಎಂಟು ತಿಂಗಳು ಬರೀ ನಿದ್ದೆ ಮಾತ್ರೆ. ಕೊನೆಗೆ ಒಬ್ಬರು ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿದರು. ಕಪ್ಪು ಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಬಳೆ ಇತ್ತು. ವಿಲ್ಸನ್ ಕಾಯಿಲೆ. ತಾಮ್ರ ಮೈಯಿಂದ ಹೊರಗೆ ಹೋಗದೆ ಲಿವರ್, ಮಿದುಳಿನಲ್ಲಿ ಕೂರುತ್ತದಂತೆ. ಚಿಕ್ಕಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನೇ, ಹತ್ತಿರದ ಸಂಬಂಧದಲ್ಲಿ ಇಂಥ ವಂಶದ ಕಾಯಿಲೆ ಜಾಸ್ತಿಯಂತೆ. ಮಾತ್ರೆ ಇದೆ, ಈಗ ಚೆನ್ನಾಗಿದ್ದಾಳೆ, ಆದರೆ ಮಾತು ಸ್ವಲ್ಪ ತೊದಲುತ್ತದೆ. ಆ ಎಂಟು ತಿಂಗಳು ಮೊದಲೇ ಗೊತ್ತಾಗಿದ್ದರೆ ಏನಾಗುತ್ತಿತ್ತೋ.

ರಾತ್ರಿಪಾಳಿ
ನೀವು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಮೊದಲೇ ಬರೆಯಬೇಕಿತ್ತು. ಚಿಕ್ಕಂದಿನಿಂದ ಹಾಗೇ ಇರುವುದು ಬೇರೆ, ಚೆನ್ನಾಗಿದ್ದವರು ಕೆಳಗೆ ಇಳಿಯುವುದು ಬೇರೆ. ಕಲಿತಿದ್ದು ಮರೆಯುವುದು, ಹೊಸದಾಗಿ ನಡುಕ, ಒಂದೇ ಕಡೆ ಬಲ ಕಮ್ಮಿ, ಫಿಟ್ಸ್, ನಡುವೆ ನಡುವೆ ಕಣ್ಣು ನಿಂತು ಹೋಗುವುದು, ವಾಂತಿ ಜೊತೆ ತಲೆನೋವು, ಕೆಲವೇ ದಿನಗಳಲ್ಲಿ ಹುಡುಗನೇ ಬೇರೆ ಅನ್ನಿಸುವಷ್ಟು ಬದಲಾವಣೆ, ಇದರಲ್ಲಿ ಯಾವುದಿದ್ದರೂ ಅದನ್ನು ‘ಮೆದು’ ಅಂತ ಬಿಡಬಾರದು. ಅಲ್ಲಿ ರಕ್ತ ಪರೀಕ್ಷೆ, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಸ್ಕ್ಯಾನ್ ಎಲ್ಲ ಬೇಕಾಗಬಹುದು. ವಿಲ್ಸನ್‌ಗೆ ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಬೇಕು, ನಾಲ್ವರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ. ಮಾಡಿಸಿದ್ದಾರಾ?

ನಾಲೆ ಏರಿ
ತಮ್ಮನಿಗೆ ಮಾಡಿಸಿದರು, ಇಲ್ಲ.

ಹಸು ಕಟ್ಟಿದವಳು
ಪಾಂಡವಪುರದಿಂದ. ನನ್ನ ಮಗಳಿಗೆ ಒಂಬತ್ತು ವರ್ಷ ಇದ್ದಾಗ ಒಂದು ತಿಂಗಳು ಮೈಕೈ ಸುಮ್ಮನೆ ಕುಣಿಯುತ್ತಿತ್ತು, ತಟ್ಟೆ ಬೀಳಿಸುತ್ತಿದ್ದಳು, ಮಾತುಮಾತಿಗೆ ಅಳು. ಟೀಚರ್ ‘ಚೇಷ್ಟೆ’ ಅಂತ ಡೈರಿಯಲ್ಲಿ ಬರೆದು ಕಳಿಸಿದರು. ಡಾಕ್ಟರ್ ತಮ್ಮ ಎರಡು ಬೆರಳು ಕೊಟ್ಟು ಗಟ್ಟಿಯಾಗಿ ಹಿಡಿದುಕೋ ಅಂದರು. ಅವಳ ಹಿಡಿತ ಬಿಗಿ, ಸಡಿಲ, ಬಿಗಿ, ಸಡಿಲ. ನನಗೆ ಥಟ್ಟನೆ ಗೊತ್ತಾಯಿತು, ಇದು ಹಾಲು ಕರೆಯುವ ಕೈ. ಡಾಕ್ಟರ್ ನಕ್ಕು, ಪುಸ್ತಕದಲ್ಲೂ ಅದೇ ಹೆಸರು ಅಂದರು! ಗಂಟಲು ನೋವು ಬಂದು ಹೋಗಿದ್ದರಿಂದ ಆಗಿದ್ದಂತೆ, ರುಮ್ಯಾಟಿಕ್ ಜ್ವರದ ಬಾಲ. ಅದು ಹೃದಯಕ್ಕೂ ತಾಗಬಹುದು ಅಂತ ಎದೆಯ ಎಕೋ ಸ್ಕ್ಯಾನ್ ಮಾಡಿಸಿದೆವು. ಈಗಲೂ 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್. ಕುಣಿತ ನಿಂತಿದೆ.

ರಾತ್ರಿಪಾಳಿ
ಅದು ಸಿಡೆನ್‌ಹ್ಯಾಮ್ ಕೊರಿಯಾ ಅನ್ನುವ ಕಾಯಿಲೆ. ಮೆಡಿಕಲ್ ಪಿಜಿ ಓದುವ ಹುಡುಗರಿಗೆ ನಾನು ಈ ಹಿಡಿತ ವಿವರಿಸುವುದಕ್ಕೆ ಒದ್ದಾಡುತ್ತೇನೆ, ಒಬ್ಬರೂ ಹಾಲು ಕರೆದಿಲ್ಲ. ಇಂಜೆಕ್ಷನ್ ತಪ್ಪಿಸಬೇಡಿ.

ಮೆಮು ಪ್ರಯಾಣಿಕ
ಹಾಲಿನ ರೇಟ್ ಈಗ ಎಷ್ಟು ಕೊಡುತ್ತಿದ್ದಾರೆ ಡೈರಿಯಲ್ಲಿ?

ಹಸು ಕಟ್ಟಿದವಳು
ಹಿಂಡಿ ರೇಟ್ ಕೇಳಿ, ಆಮೇಲೆ ಹಾಲಿನ ರೇಟ್ ಕೇಳಿ.

ಮಂಡ್ಯದಮ್ಮ
ಇಷ್ಟೊಂದು ಉತ್ತರ! ಒಂದು ಪ್ರಾಕ್ಟಿಕಲ್ ಪ್ರಶ್ನೆ. ತಿಂಗಳು ತಿಂಗಳು ಮೈಸೂರಿನ ಪ್ರೈವೇಟ್ ಖರ್ಚು ನಮಗೆ ಆಗುವುದಿಲ್ಲ. ಇಂಥ ಮಕ್ಕಳಿಗೆ ಸ್ಕೂಲಿನ ಪರೀಕ್ಷೆಯಲ್ಲಿ ಹೆಚ್ಚು ಟೈಮ್ ಕೊಡುತ್ತಾರಂತೆ, ಅದಕ್ಕೆ ಸರ್ಟಿಫಿಕೇಟ್ ಎಲ್ಲಿ?

ಸರಸ್ವತಿಪುರಂ ಓಟಿ
ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅಂತ ಇದೆ, ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ನೋಡುವ ಸರ್ಕಾರಿ ಕೇಂದ್ರ, ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಫ್ರೀ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ. ಮಾತು, ಓದು, ಬರಹದ ತೊಂದರೆಯ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ, ಬೆಳಿಗ್ಗೆ ಬೇಗ ಹೋಗಿ.

ಸರ್ಟಿಫಿಕೇಟ್ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಅಂಗವೈಕಲ್ಯಗಳಿವೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಹೆಸರು ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅದರ ಜೊತೆ ಕಲಿಕಾ ನ್ಯೂನತೆಯೂ ಇದೆಯಾ ಅಂತ ಪರೀಕ್ಷೆ ಮಾಡಿಸುವುದು ಮುಖ್ಯ. ಎಸ್‌ಎಸ್‌ಎಲ್‌ಸಿ ಬಂದಾಗ ಓಡಾಡುವುದಕ್ಕಿಂತ ಈಗಲೇ ಮಾಡಿಸಿ. ಸಾಫ್ಟ್ ಸೈನ್ ಪ್ಲಸ್ ಅನ್ನುವ ಸಾಲು ತೋರಿಸಿದರೆ ಯಾರೂ ಏನೂ ಕೊಡುವುದಿಲ್ಲ.

ಬದುವಿನ ಹುಡುಗ
ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ಮಾಡುತ್ತಾರೆ, ಮನೋವೈದ್ಯರು ನೋಡುತ್ತಾರೆ. ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ.

ಮಂಡ್ಯದಮ್ಮ
ಮೂರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಡಿಸಿಡಿಯೂ ಇದೆ ಅಂದರು. ವಾರಕ್ಕೊಂದು ಸಲ ಥೆರಪಿ ಶುರುವಾಗಿದೆ. ಕ್ಲಾಸ್ ಟೀಚರ್ ಹತ್ತಿರ ಮಾತಾಡಿದೆ, ಬೋರ್ಡಿನಿಂದ ಕಾಪಿ ಮಾಡುವುದನ್ನು ಅರ್ಧಕ್ಕೆ ಇಳಿಸಿದ್ದಾರೆ. ಅತ್ತೆ ಅಟ್ಟದಿಂದ ಅಳಗುಳಿ ಮಣೆ ಇಳಿಸಿ ಧೂಳು ಒರೆಸಿದರು. ಮೊದಲ ದಿನ ಬೀಜ ಮುಷ್ಟಿಯಲ್ಲಿ ಬಾಚುತ್ತಿದ್ದ. ಈಗ ಎರಡು ಬೆರಳಲ್ಲಿ ಎತ್ತುತ್ತಾನೆ, ನಾಲಿಗೆ ಮಾತ್ರ ಇನ್ನೂ ಹೊರಗೇ ಇರುತ್ತದೆ. ಅತ್ತೆಗೆ ಮುಷ್ಟಿ, ಅಂಚು, ಅಂಗೈ ಒಂದು ಸಲವೂ ತಪ್ಪುವುದಿಲ್ಲ, 71 ವರ್ಷಕ್ಕೆ! ನನ್ನ ಗಂಡನಿಗೆ ಎರಡನೇ ಸಲಕ್ಕೇ ತಪ್ಪಿತು. ಆಗ ಅತ್ತೆ ನನ್ನ ಮುಖ ನೋಡಿದ ರೀತಿ ನೀವು ನೋಡಬೇಕಿತ್ತು.

ನಿನ್ನೆ ಲೇಸು ತಾನೇ ಕಟ್ಟಿಕೊಂಡ. ನಾಲ್ಕು ನಿಮಿಷ. ಸ್ಕೂಲ್ ಬಸ್ಸಿನವರು ಹಾರ್ನ್ ಹೊಡೆಯುತ್ತಲೇ ಇದ್ದರು, ನಾನು ಬಾಗಿಲಲ್ಲಿ ಅಡ್ಡ ನಿಂತುಕೊಂಡಿದ್ದೆ.

ಹಳೇ ಪಿಟಿ ಮೇಷ್ಟ್ರು
ಯಾವ ಗಂಟು ಅಮ್ಮ?

ಮಂಡ್ಯದಮ್ಮ
ಮೊಲದ ಕಿವಿ ಗಂಟು ಸಾರ್, ಎರಡು ಕಿವಿ ಮಾಡಿ ಕಟ್ಟುವುದು. ಒಂದು ಕಿವಿ ನೆಲಕ್ಕೆ ತಾಗುವಷ್ಟು ಉದ್ದ ಇತ್ತು. ನಾನು ಸರಿ ಮಾಡಲು ಹೋಗಲಿಲ್ಲ.